ಬಲಗಡೆಯ ಸೀಟು

ಗಿರ್ಮಾಯ್ ಪಕ್ಕದಲ್ಲಿದ್ದರೆ ಜಿಬೂಟಿ ಹತ್ತಿರವಾಗುತ್ತಿತ್ತು, ಒಪ್ಪುತ್ತೇನೆ.
ಬಾಯಲ್ಲಿ ಹಾಡು, ಕೆನ್ನೆಯಲ್ಲಿ ಖಾತ್ ಸೊಪ್ಪು.
ಮಿಲ್ಲೆಯ ದೀಪಗಳು ಕಂಡರೆ ಸಾಕು,
"ಒಂದೇ ಗ್ಲಾಸು, ಅಣ್ಣಾ."
ಆ ಒಂದು ಎಷ್ಟಾಯಿತೆಂದು
ನಾನೂ ಎಣಿಸಿದವನಲ್ಲ.

ಈ ಸಲ ವೊಂದಿಮುವನ್ನು ಹತ್ತಿಸಿಕೊಂಡೆ.
ಗೊರಕೆ ಹೊಡೆಯುತ್ತಾನೆ. ಒಂದು ಕಥೆಯೂ ಬಾರದು.
ನನ್ನ ಮುನ್ನೂರು ಬಿರ್ ಸಾಲ ಇನ್ನೂ ತೀರಿಸಿಲ್ಲ.

ಐವತ್ತೈದು ದಿನದ ಉಪವಾಸದಲ್ಲಿ ನಲವತ್ತನೆಯದು.
ಸೆಮೆರಾ ದಾಟಿ, ಬಾಗಿಲ ಹಿಡಿ ಮುಟ್ಟಿದರೆ ಸುಡುವ ಹೊತ್ತು,
ಹೋಟೆಲಿನವಳು ಮೇಕೆ ಮಾಂಸದ ತಟ್ಟೆ ತಂದಿಟ್ಟಳು.
ನನ್ನ ಕೈ ಆಗಲೇ ಹೋಗಿತ್ತು.
ಅವನು ಉಪದೇಶಕ್ಕಿಳಿಯಲಿಲ್ಲ;
ತನ್ನ ಇಂಜೆರಾ ಹರಿದು ಅರ್ಧ ನನ್ನ ಕಡೆಗಿಟ್ಟು
ಬೇಳೆಯ ಬಟ್ಟಲನ್ನು ನಡುವೆ ಸರಿಸಿದ,
ಖಾರ ಜಾಸ್ತಿ ಎಂದು ಗೊಣಗಿದ.

ಗಿರ್ಮಾಯ್ ಫೋನು ಮಾಡುತ್ತಾನೆ. ಎತ್ತುತ್ತೇನೆ, ನಗುತ್ತೇನೆ,
ಅವನ ಮಗಳ ಜ್ವರ ವಿಚಾರಿಸುತ್ತೇನೆ.
ಸೀಟು ಮಾತ್ರ ಖಾಲಿಯಿಲ್ಲ.

ರಾತ್ರಿ ಇಳಿಜಾರಿನಲ್ಲಿ ಬ್ರೇಕು ಕಮಟುವಾಗ
ಕತ್ತಲ ಗಾಜಿನಲ್ಲಿ ಅವನ ತುಟಿ ಅಲುಗುವುದು ಕಾಣುತ್ತದೆ.
ಆ ಪ್ರಾರ್ಥನೆಯಲ್ಲಿ ನನ್ನ ಹೆಸರೂ ಬರುತ್ತದೆ:
ಲೈಸೆನ್ಸಿನಲ್ಲಿರುವುದಲ್ಲ,
ದೀಕ್ಷಾಸ್ನಾನದ್ದು,
ಅಮ್ಮನ ಹೊರತು ಯಾರೂ ಕರೆಯದ್ದು.

ಯಾವ ತಿರುವಿನಲ್ಲಿ ಹೇಳಿದೆನೋ ಇವನಿಗೆ.