ಒಂದೇ ಏಣಿ

ಭಾಗವಾದ ಮೇಲೂ ನಮ್ಮಜ್ಜನ ಮನೆಯಲ್ಲಿ
ಒಲೆ ಎರಡು, ಒರಳು ಒಂದೇ.
ದೊಡ್ಡಮ್ಮ ರುಬ್ಬಿ ಮುಗಿಸುವ ತನಕ
ಅಕ್ಕಿ ನೆನೆಹಾಕಿ ಕಾಯುವಳು ಅವ್ವ.
ಮಾತಿಲ್ಲ ಕತೆಯಿಲ್ಲ,
ಗುಂಡುಕಲ್ಲು ಮಾತ್ರ ಒಬ್ಬರ ಕೈಬಿಸಿಯನ್ನು
ಇನ್ನೊಬ್ಬರ ಕೈಗೆ ದಾಟಿಸುತ್ತಿತ್ತು.

ಇದು ನೆನಪಾದದ್ದು ಪುರಸಭೆಯ ಮೀಟಿಂಗಿನಲ್ಲಿ,
ನಡಾವಳಿ ಬರೆಯುತ್ತಾ.
ವಿಷಯ ಸಂಖ್ಯೆ ಹನ್ನೊಂದು:
ಬೀದಿದೀಪದ ಏಣಿ ಗಾಡಿ, ಒಂದು,
ಪಾಂಡವಪುರಕ್ಕೂ ಶ್ರೀರಂಗಪಟ್ಟಣಕ್ಕೂ ಸೇರಿ.
ಸೋಮ ಬುಧ ಶುಕ್ರ ನಮಗೆ,
ಮಂಗಳ ಗುರು ಶನಿ ಅವರಿಗೆ,
ಡೀಸೆಲ್ಲು ಅರ್ಧರ್ಧ, ಟೈರು ಅರ್ಧರ್ಧ,
ಡ್ರೈವರ್ ಸಂಬಳ ಅರ್ಧರ್ಧ.
"ಭಾನುವಾರ ಯಾರ್ದು?" ಅಂದರು
ಒಂಬತ್ತನೇ ವಾರ್ಡಿನ ಪುಟ್ಟತಾಯಮ್ಮ.
"ಭಾನುವಾರ ಬಲ್ಬಿಗೂ ರಜ" ಅಂದರು ಚೀಫ್ ಆಫೀಸರು.
ನಗು. ಕಾಫಿ. ಅಂಗೀಕಾರ.

ಬಾಗಿಲ ಮೇಲೆ ಯಾವ ಊರಿನ ಹೆಸರು ಮೊದಲು?
ಮೂರು ವಾರ ಕಾಗದ ಓಡಾಡಿತು.
ಎಡಕ್ಕೆ ನಮ್ಮದು, ಬಲಕ್ಕೆ ಅವರದು ಬರೆದು
ಬ್ರಷ್ಷು ತೊಳೆಯುತ್ತಾ ಪೇಂಟರ್ ಹೇಳಿದ:
ನೋಡೋರು ಯಾವ ಕಡೆ ನಿಂತವ್ರೋ ಅದೇ ಮೊದ್ಲು ಬುಡಿ.

ಡ್ರೈವರ್ ಮುಜೀಬ್, ಗಂಜಾಮಿನವನು.
ಬುಟ್ಟಿ ಹತ್ತುವವನು ನಮ್ಮ ಕರಿತಿಮ್ಮ,
ಅವನ ಅಜ್ಜಿಗೆ ಈ ಊರು ಇವತ್ತಿಗೂ ಹಿರೋಡೆ.
ಅಷ್ಟೆತ್ತರದಿಂದ ಏನು ಕಾಣುತ್ತೋ ಎಂದು ಕೇಳಿದೆ.
"ಮಾಳಿಗೆ ಮ್ಯಾಲೆ ಸಿಂಟೆಕ್ಸು, ಒಣಗಾಕಿದ ಸಂಡಿಗೆ,
ಎರಡೂರಲ್ಲೂ ಅದೇಯ ಮೇಡಮ್ಮೋರೆ."

ಅವರ ಬೀದಿಯ ಬೆಳಕು ಹೆಚ್ಚು ಬೆಳ್ಳಗಿದೆ
ಎಂದು ನಮ್ಮವರ ಅರ್ಜಿ.
ಅವರ ಅರ್ಜಿಯೂ ಬಂತು, ಪ್ರತಿ ನಮಗೂ.
ಒಕ್ಕಣೆ ಅದೇ, ಊರಿನ ಹೆಸರು ಅದಲುಬದಲು.

ಲಾಗ್‌ಬುಕ್ ನನ್ನ ಮೇಜಿನಲ್ಲಿ.
ಹೊರಟ ಹೊತ್ತು, ತಲುಪಿದ ಹೊತ್ತು, ಮೀಟರಿನ ಅಂಕಿ.
ಗಾಡಿ ಅತ್ತ ದಾಟುವ ಸಂಜೆ
ಇಪ್ಪತ್ತು ನಿಮಿಷ ಎಲ್ಲೋ ಉದುರಿಹೋಗುತ್ತದೆ.
ಮೊದಲ ಸಲ ಕೇಳಿದ್ದಕ್ಕೆ ಮುಜೀಬ್ ತಲೆ ಕೆರೆದುಕೊಂಡ:
ರೈಲ್ವೆ ಗೇಟ್ ಹಾಕಿತ್ತು.
ಎರಡನೇ ಸಲವೂ ಗೇಟು.
ಮೂರನೇ ಸಲ ಕೇಳಲಿಲ್ಲ, ಬರೆದುಕೊಂಡೆ.
ಗುಜರಿ ಲೆಕ್ಕದಲ್ಲಿ ಸುಟ್ಟ ಬಲ್ಬು
ಆರು ಕಡಿಮೆ ಬಂದವು. ಒಡೆದವು ಅಂತ ಬರೆದೆ.

ಒಂದು ದಿನ ಕೆಲಸ ಮುಗಿದದ್ದು ತಡ.
ಕೊನೆಯ ಬಸ್ಸಿನಲ್ಲಿ ಪಟ್ಟಣದ ಮನೆಗೆ ಹೋಗುವಾಗ
ನಾಲೆಯ ಪಕ್ಕ, ಹುಣಸೇಕೊಪ್ಪಲು.
ಅವರದೂ ಅಲ್ಲ, ನಮ್ಮದೂ ಅಲ್ಲ,
ಯಾವ ಪುರಸಭೆಯ ನಕ್ಷೆಯೂ ಅಲ್ಲಿಗೆ ಮುಟ್ಟುವುದಿಲ್ಲ.
ಕಂಬ ಒಂಬತ್ತು. ಆರರಲ್ಲಿ ಬೆಳಕು.
ಒಂದರ ಕೆಳಗೆ ಕಬ್ಬಿನ ಟ್ರಾಕ್ಟರು ನಿಲ್ಲಿಸಿಕೊಂಡು
ಹುಡುಗನೊಬ್ಬ ಟೈರಿನ ಮೈ ತಡವುತ್ತಿದ್ದ,
ಎಲ್ಲಿ ಗಾಳಿ ಹೋಗುತ್ತಿದೆ ಎಂದು.
ಪಕ್ಕದ ಸೀಟಿನವರು ಅಂದರು,
ಪರವಾಗಿಲ್ಲ, ಪಂಚಾಯ್ತಿಯೋರು ಎದ್ದವ್ರೆ.

ನಮ್ಮ ಒರಳಿಗೂ ಕತ್ತಲಾದ ಮೇಲೆ
ಹಿತ್ತಿಲ ಕಡೆಯಿಂದ ಬರುತ್ತಿದ್ದಳು ಸಾಕವ್ವ,
ಯಾರ ಭಾಗಪತ್ರದಲ್ಲೂ ಇಲ್ಲದವಳು.
ಬೆಳಗ್ಗೆ ಕಲ್ಲಿನ ಕುಳಿಯಲ್ಲಿ ಉದ್ದಿನ ಹಸಿ ಇರುತ್ತಿತ್ತು.
ಮೊದಲು ಎದ್ದವರು, ಅವ್ವನೋ ದೊಡ್ಡಮ್ಮನೋ,
ಒಂದು ಚೆಂಬು ನೀರು ಸುರಿದು ತೊಳೆದುಬಿಡುತ್ತಿದ್ದರು.
ಆ ವಿಷಯಕ್ಕೆ ಮಾತ್ರ ಜಗಳವಾದದ್ದು ನಾ ಕಾಣೆ.

ಮಾರ್ಚಿಯಲ್ಲಿ ಆಡಿಟ್‌ನವರು ಬಂದರು.
ಕನ್ನಡಕ ಹಣೆಗೇರಿಸಿ,
"ಏನಮ್ಮ, ನಿಮ್ಮ ಗಾಡಿ ಹೊರಟಾಗಲೆಲ್ಲ ಗೇಟ್ ಹಾಕ್ತಾರಾ?"
"ರೈಲು ಜಾಸ್ತಿ ಸರ್ ಈಗ, ಡಬಲ್ ಲೈನು."
ಅವರು ಟಿಕ್ ಹಾಕಲಿಲ್ಲ. ಕೆಂಪು ಗೀಟೂ ಎಳೆಯಲಿಲ್ಲ.
ಪೆನ್ಸಿಲಿನಲ್ಲಿ, ಅಳಿಸಿದರೆ ಹೋಗುವಷ್ಟು ತೆಳ್ಳಗೆ,
ಒಂದು ಪ್ರಶ್ನಾರ್ಥಕ ಬರೆದು ಪುಟ ತಿರುವಿದರು.

ಇನ್ನು ಮೂರು ಕಂಬ.
ಶುಕ್ರವಾರ ಸಂಜೆ ಗಾಡಿ ಅತ್ತ ಹೋಗಬೇಕು.
ಕರಿತಿಮ್ಮ ಬೆಳಗ್ಗೆಯೇ ಬಂದು ಕೇಳಿದ:
"ಗುಜರಿ ರೂಮಿನ ಬೀಗದ್ಕೈ ಎಲ್ಲೈತೆ ಮೇಡಮ್ಮೋರೆ?"