ಜೋಶಿಯ ಹಾಡು

ಶಹಾಬಾದಿನ ಟೇಶನ್ ಹಿಂದ ನನ್ನ ಕ್ಯಾಸೆಟ್ ಅಂಗಡಿ,
ಆರು ಅಡಿ ಅಗಲ. ಮ್ಯಾಲ ತಗಡು, ಕೆಳಗ ಫರ್ಸಿ.
ಸಿಮೆಂಟ್ ಫ್ಯಾಕ್ಟರಿಗೆ ಮಷೀನ್ ಕೂಡಸಲಿಕ್ಕೆ ಬಂದಿದ್ದ
ಕೆಂಪು ಕಿವಿಯ ಪರದೇಶಿ ಒಬ್ಬ
ಊರು ಬಿಡೋ ದಿನ ಮೂರು ಕ್ಯಾಸೆಟ್ ಕೊಟ್ಟು
ಒಂದು ಕಟ್ಟು ಬೀಡಿ ಒಯ್ದ.

ಲೇಬಲ್ಲಿನ ಶಾಯಿ ಬೆವರಿಗೆ ಕರಗಿ
ಉಳಿದದ್ದು ಎರಡೇ ಮಾತು: ಬ್ರೆಜಿಲ್, ಜೋಸಿ.
ಮುಂದಿನದು ನೀಲಿ ಕಲೆ.
"ಬ್ರೆಜಿಲ್ಲಿನಾಗೂ ಜೋಶಿಗೋಳು ಅದಾರೇನು?" ಅಂದ
ಚಾದಂಗಡಿ ಸಾಯಬಣ್ಣ. "ಪಂಚಾಂಗ ಹೇಳತಾರೇನು?"
ಅವತ್ತಿನಿಂದ ಅವ ನಮಗ ಜೋಶಿ.

ಮೊದಲನೇ ಕ್ಯಾಸೆಟ್ಟಿನಾಗ ಅವಗ ಇಪ್ಪತ್ತು ಇರಬೇಕು,
ಇನ್ನಾ ಮೀಸಿ ಬರದ ದನಿ.
ಒಂದು ಗಿಟಾರ್, ಹಿಂದ ಯಾರೋ
ಬೆಂಕಿಪೊಟ್ಟಣ ಅಲ್ಲಾಡಿಸಿದಂಗ ತಾಳ.
ಎರಡನೇದರಾಗ ಅರವತ್ತು ಮಂದಿ ವಾದ್ಯದವರು;
ಜೋಶಿ ಸೂಟು ಹೊಲಿಸ್ಯಾನ,
ಅವನ ಉಸಿರೇ ಕೇಳಸೂದಿಲ್ಲ.
"ಸಾಲ ಮಾಡ್ಯಾನ," ಅಂದ ಲಾಡ್ಲೇಸಾಬ.
"ಇಷ್ಟು ಮಂದಿಗೆ ಊಟ ಯಾರು ಹಾಕಬೇಕು?"
ಮೂರನೇದರಾಗ ಮತ್ತ ಅದೇ ಗಿಟಾರ್.
ಒಂದು ಕುರ್ಚಿ ಕಿರಗುಟ್ಟತದ.
ಹಾಡಿನ ನಡುವ ಒಂದು ಕೆಮ್ಮು. ಅಳಿಸಿಲ್ಲ.

ನಮಗ ಗೊತ್ತಿದ್ದ ಜೋಶಿಯ ಬಾಳು ಇಷ್ಟೇ.
ನಡುವಿನದು ನಾವೇ ತುಂಬಿದ್ವಿ:
ಹೆಂಡತಿ ಬಿಟ್ಟು ಹೋಗ್ಯಾಳ ಅಂತ ನಾನು,
ಇಲ್ಲ, ಸರಕಾರ ದೇಶ ಬಿಡಿಸಿರಬೇಕು ಅಂತ ಸಾಯಬಣ್ಣ.
ಲಾಡ್ಲೇಸಾಬ ಏನೂ ಅನಲಿಲ್ಲ.
ರಿವೈಂಡ್ ಮಾಡು ಅಂದ.

ಹಗಲೆಲ್ಲ ಖಣಿಯಾಗ ಕಲ್ಲು ಸೀಳೋ ಕೈ,
ರಾತ್ರಿ ಮದುವಿ ಬ್ಯಾಂಡಿನ ಕ್ಲಾರ್ನೆಟ್ ಮ್ಯಾಲ.
ಊದಿದರ ಮೊದಲು ಬಿಳಿ ಧೂಳು ಬೀಳತಿತ್ತು,
ಆಮ್ಯಾಲ ರಾಗ.
ಹನ್ನೊಂದು ರಾತ್ರಿ ಕೇಳಿದ ಆ ಕುರ್ಚಿ ಹಾಡು.
ಭಾಷಾ ತಿಳೀಲಿಲ್ಲ, ತಿಳಿಯೂದು ಬ್ಯಾಡ ಅಂದ.
"ಇವ ಅಳೂದಿಲ್ಲ ನೋಡು.
ಅಳು ಕುಂತ ಮೂಲಿ ತನಕ ಹೋಗಿ
ಅದರ ತಲಿ ಸವರಿ ಹೊಳ್ಳಿ ಬರತಾನ."

ಮೊದಲ ಸಲ ಬಾರಿಸಿದ್ದು ವಾಡಿಯೊಳಗ,
ಗ್ಯಾಂಗ್‌ಮನ್ ಭೀಮಶಾನ ಮಗಳ ಮದುವಿ.
ವರ ಕುಂತ ಕುದುರಿ ನಡುರಸ್ತೆದಾಗ ನಿಂತುಬಿಟ್ಟಿತು.
ಕುಡದವರು ಕುಣಿಯೂದು ಮರತು
ಒಬ್ಬರ ಹೆಗಲ ಮ್ಯಾಲ ಒಬ್ಬರು ಕೈ ಇಟ್ಟರು.
"ಯಾವ ಪಿಚ್ಚರಿಂದು ಇದು?"
"ಇನ್ನಾ ಬಿಡುಗಡಿ ಆಗಿಲ್ಲ," ಅಂದ ಲಾಡ್ಲೇಸಾಬ.

ಚಿತ್ತಾಪುರ, ಜೇವರ್ಗಿ, ಸೇಡಂ,
ಯಾದಗಿರಿ ತನಕ ಹೋಯಿತು ಅದು.
ಬ್ಯಾರೆ ಬ್ಯಾಂಡಿನವರು ಕದ್ದರು,
ಹಲಗಿ ಕೂಡಿಸಿದರು, ಓಟ ಹೆಚ್ಚಿಸಿದರು.
ಮಗಳನ್ನ ಕಳಸೋ ಹೊತ್ತಿನಾಗ
ಮುದುಕಿಯರು ಈಗೂ ಕೇಳತಾರ, "ಆ ಜೋಶಿದು ಬಾರಸ್ರೋ."
ನಾಲವಾರದಾಗ ಒಬ್ಬಾಕಿ
ಅದಕ್ಕ ಸೋಬಾನದ ಮಾತೂ ಹಾಕ್ಯಾಳ.

ಅಂಗಡಿಯಾಗ ಈಗ ಮೊಬೈಲ್ ರಿಪೇರಿ.
ಹೋದ ವಾರ ತಮ್ಮನ ಮೊಮ್ಮಗಳು ಭಾಗ್ಯಜ್ಯೋತಿ
ಫೋನಿಗೆ ಆ ಕ್ಯಾಸೆಟ್ ಕೇಳಿಸಿ ಹೆಸರು ಹಿಡದಳು:
ಜೋಸಿಯಾಸ್ ದ ಪೆದ್ರೇರ.
ಪೆದ್ರೇರ ಅಂದ್ರ ಕಲ್ಲು ಖಣಿಯಂತ.
ಅಪ್ಪ ಕಲ್ಲು ಒಡಿಯಾಂವ,
ಮಗನೂ ಹದಿನೇಳರ ತನಕ ಅಲ್ಲೇ.
ಸತ್ತು ಹದಿನಾರು ವರ್ಷ ಆಗ್ಯಾವಂತ.

ಲಾಡ್ಲೇಸಾಬಗ ಊದಲಿಕ್ಕೆ ಆಗೂದಿಲ್ಲ ಈಗ.
ಎದಿಯಾಗ ಅರ್ಧ ಶಹಾಬಾದ್ ಅದ ಅಂತಾನ ಡಾಕ್ಟರ.
ಕಟ್ಟಿ ಮ್ಯಾಲ ಕುಂತು ಎಲ್ಲಾ ಕೇಳಿದ.
"ಆ ಕೆಮ್ಮು," ಅಂದ. "ನನಗ ಅವತ್ತೇ ಗೊತ್ತಾಗಿತ್ತು."

ಸಾಯಬಣ್ಣ ತಂದ ಚಾ ಆರಿ ಕೆನಿ ಕಟ್ಟಿತು.
ಗೂಡ್ಸ್ ಗಾಡಿ ಹೋಯಿತು, ತಗಡು ನಡುಗಿತು.

"ಅಲ್ಲಾ, ಅವನ ಪಾಲು ಯಾರಿಗೆ ಕೊಡಲಿ ಈಗ?"
ಬೆರಳು ಮಡಚಿ ಮದುವಿ ಎಣಸಲಿಕ್ಕೆ ಹತ್ತಿದ,
ವಾಡಿದು ಒಂದು, ಚಿತ್ತಾಪುರದವು ಮೂರು,
ಜೇವರ್ಗಿಗೆ ಬಂದು ಲೆಕ್ಕ ತಪ್ಪಿ
ಮತ್ತ ವಾಡಿಗೆ ಹೋದ.