ನಾಲ್ಕನೆಯ ಅಕ್ಷರ

ಸೆಪ್ಟೆಂಬರ್ ಬಂತೆಂದರೆ ಬೋರ್ಡಿನ ಗಾಜು ಬಿಚ್ಚುವುದು ನನ್ನ ಕೆಲಸ.
ತಾರ್ತು ಊರಿನ ಜೀವಶಾಸ್ತ್ರ ವಿಭಾಗ, ನೆಲಮಾಳಿಗೆಯ ಓಣಿ,
ಕಪ್ಪು ಮಖಮಲ್ಲಿನ ಮೇಲೆ ಬಿಳಿ ಪ್ಲಾಸ್ಟಿಕ್ ಅಕ್ಷರ.
ಎಡಕ್ಕೆ ಹೆಸರು, ಬಲಕ್ಕೆ ಸಂಶೋಧನೆಯ ಆಸಕ್ತಿ.
ಒಬ್ಬರಿಗೆ ಒಂದೇ ಸಾಲು. ಮೂವತ್ತಕ್ಷರಕ್ಕಿಂತ ಹೆಚ್ಚು ಹಿಡಿಸದು,
ಯಾರ ಆಸಕ್ತಿಯಾದರೂ ಸರಿ.

ಮಾಯ್ಮು ರೌದ್‌ಕಿವಿ: ಹಾವಸೆ.
ಅಷ್ಟೇ ಸಾಕು, ಮಿಕ್ಕ ಅಕ್ಷರ ಬೇರೆಯವರಿಗೆ ಕೊಡು ಅನ್ನುತ್ತಾಳೆ.
ಮಳೆ ನಿಂತ ಬೆಳಗ್ಗೆ ಚರ್ಚಿನ ಹಿಂಗೋಡೆಗೆ ಕೆನ್ನೆಯಿಟ್ಟು
ಭೂತಗನ್ನಡಿ ಕಣ್ಣಿಗೊತ್ತಿ ನಿಂತಿರುತ್ತಾಳೆ;
ಪ್ರಾರ್ಥನೆ ಇರಬೇಕೆಂದು ಪಾದ್ರಿ ಸುಮ್ಮನೆ ದಾಟಿಹೋಗುತ್ತಾರೆ.

ಎಂಡೆಲ್ ಪಿಹ್ಲಕ್: ಬಾವಲಿಗಳ ಚಳಿನಿದ್ದೆ.
ನವೆಂಬರಿನಿಂದ ಮಾರ್ಚಿನ ತನಕ ಹಳೆಯ ಸುರಂಗಗಳಲ್ಲಿ
ಪಿಸುಗುಟ್ಟಿ ಪಿಸುಗುಟ್ಟಿ, ಈಗ ಕ್ಯಾಂಟೀನಿನಲ್ಲೂ
ಸೂಪು ಕೇಳುವುದು ಪಿಸುಮಾತಿನಲ್ಲೇ.
ಬಡಿಸುವಾಕೆಯೂ ಪಿಸುಗುಟ್ಟುತ್ತಾಳೆ, ಉಪ್ಪು ಸಾಕಾ?

ತ್ರೀನು ಓಯಾಳ ಸಾಲನ್ನು ನಾನೇ ಮೂರು ಸಲ ಬದಲಿಸಿದ್ದೇನೆ:
ಒಮ್ಮೆ ಹಾವುಮೀನಿನ ಕಿವಿಯೊಳಗಿನ ಕಲ್ಲು,
ಇನ್ನೊಮ್ಮೆ ನದಿಗಳ ಆರೋಗ್ಯ,
ಈಗ ಹವಾಮಾನ ಮತ್ತು ಸಮುದ್ರ.
ಮೀನು ಅದೇ. ಬಾಟಲಿಯೂ ಅದೇ.
ದುಡ್ಡು ಕೊಡುವವರು ಬೇರೆ.

ಶೋಧಿಸುವುದೆಂದರೆ ಹುಡುಕುವುದೂ ಹೌದು, ಸೋಸುವುದೂ ಹೌದು.
ಇವರೆಲ್ಲರ ಬಲೆ ತೊಳೆದು ಒಣಹಾಕುವ ಕೈ ನನ್ನದು.
ಬಲೆಯ ಕಣ್ಣಿಗೆ ಸಿಕ್ಕಿದ್ದು ಅವರಿಗೆ,
ಜಾರಿಹೋದ ನೀರೆಲ್ಲ ನನ್ನ ಬಚ್ಚಲಿಗೆ.

ಹೆಲ್ದುರ್ ತಮ್‌ಸಾಲು ಅವರ ಸಾಲು ಮಾತ್ರ
ನಲವತ್ತು ವರ್ಷ ಅಲುಗಿರಲಿಲ್ಲ: ಹೊಳೆಯ ಏಡಿ.
ಸೀಗಡಿಯ ಬಾಲ, ಇಕ್ಕಳದ ಕೈ, ಕಲ್ಲಡಿಯ ವಾಸ.
ಒಂದೊಂದರ ಬೆನ್ನಿಗೂ ಕೆಂಪು ಉಗುರುಬಣ್ಣದಲ್ಲಿ ಒಂದು ಸಂಖ್ಯೆ.
ಮದುವೆಯಾಗದ ಮೇಷ್ಟ್ರಿಗೆ ತಿಂಗಳಿಗೆ ಆರು ಬಾಟಲಿ ಯಾಕೆಂದು
ಅಂಗಡಿಯಲ್ಲಿ ಗುಸುಗುಸು.
ಪೊರೆ ಕಳಚಿದಾಗ ಸಂಖ್ಯೆಯೂ ಕಳಚಿಹೋಗುತ್ತಿತ್ತು.
‘ಮತ್ತೆ ಒಂದರಿಂದ’ ಅನ್ನುತ್ತಿದ್ದರು, ಬೇಸರವಿಲ್ಲದೆ.

ಏಪ್ರಿಲಿನಲ್ಲಿ ಇದೇ ಓಣಿಯಲ್ಲಿ ನಿಲ್ಲಿಸಿ ಹೇಳಿದರು, ‘ನನಗೆ ಏಡಿ.’
ನಮ್ಮ ಮಾತಿನಲ್ಲಿ ಆ ರೋಗಕ್ಕೂ ಈ ಪ್ರಾಣಿಗೂ ಒಂದೇ ಹೆಸರು.
‘ನಲವತ್ತು ವರ್ಷದಿಂದ ಗೊತ್ತಿದ್ದದ್ದೇ’ ಅಂದುಬಿಟ್ಟೆ ನಾನು,
ಕೈಯಲ್ಲಿ ಬಕೆಟ್ಟು.
ಒಂದು ಗಳಿಗೆ ನಗಲಿಲ್ಲ. ಆಮೇಲೆ ಎಷ್ಟು ನಕ್ಕರೆಂದರೆ
ಗೋಡೆ ಹಿಡಿಯಬೇಕಾಯಿತು.
ಜುಲೈಯಲ್ಲಿ, ಹೊಳೆ ಇಳಿದಾಗ, ಹೋದರು.

ಅವರ ಸಾಲು ತೆಗೆ ಎಂದು ಯಾರೂ ಹೇಳಲಿಲ್ಲ.
ನಾನೂ ಕೇಳಲಿಲ್ಲ.

ಇವತ್ತು ಹೊಸಬಳು ಬಂದಳು, ಲೇಲೊ ವಾರಿಕ್.
ಪೇಯ್ಪ್ಸಿ ಸರೋವರ ಹೆಪ್ಪುಗಟ್ಟುವ ಕಡೆ, ಅದರಡಿ ಬೆಳೆಯುವ ಹಸಿರು.
‘ಮಂಜಿನಂಚು ಅಂತಷ್ಟೇ ಹಾಕಿ.’
ನಮ್ಮಲ್ಲಿ ಅದು ಒಂದೇ ಪದ. ನಡುವೆ
ತಲೆಯ ಮೇಲೆ ಎರಡು ಚುಕ್ಕಿ ಹೊತ್ತ ಅಕ್ಷರ, ಸಾಲಾಗಿ ನಾಲ್ಕು.
ಹೇಳಿ ಮುಗಿಯುವ ತನಕ ಬಾಯಿ ತೆರೆದೇ ಇರಬೇಕು,
ಗಡ್ಡೆಯ ಮೇಲೆ ಕಾಲಿಟ್ಟು ಜಾರಿದವರ ಹಾಗೆ.
ಹೋದ ಚಳಿಗಾಲ ಆ ಅಂಚು ನಿಂತದ್ದು ಹನ್ನೊಂದು ದಿನವಂತೆ;
ಅವಳ ಅಜ್ಜ ಅದರ ಮೇಲೆ ಲಾರಿ ಓಡಿಸಿದ್ದನಂತೆ.

ಡಬ್ಬಿ ಕವುಚಿ ಹುಡುಕಿದೆ: ಮೂರೇ ಮೂರು.
ಅಕ್ಷರ ಮಾಡುತ್ತಿದ್ದ ಕಾರ್ಖಾನೆ ಮುಚ್ಚಿ ಎಷ್ಟೋ ಕಾಲವಾಯಿತು.
‘ಚುಕ್ಕಿಯಿಲ್ಲದ್ದೇ ಹಾಕಿ, ಪರವಾಗಿಲ್ಲ’ ಅಂದಳು, ಒಳ್ಳೆಯ ಹುಡುಗಿ.
ಹೇಗೆ ಪರವಾಗಿಲ್ಲ?
ಚುಕ್ಕಿ ಹೋದರೆ ಅದು ಮಂಜೂ ಅಲ್ಲ, ಅಂಚೂ ಅಲ್ಲ.

ನಾಲ್ಕನೆಯದು ಏಡಿಯ ಹೊಟ್ಟೆಯೊಳಗಿತ್ತು.
ದೀಪದ ಶಾಖಕ್ಕೆ ಕಂದಿದ ಅದರ ಒಂದು ಚುಕ್ಕಿಗೆ
ಹೆಲ್ದುರ್ ಯಾವಾಗಲೋ ಉಗುರುಬಣ್ಣ ಹಚ್ಚಿದ್ದರು,
ಗುರುತಿಗಿರಲಿ ಎಂದು.
ಮೀಟಿದೆ. ಬಂತು, ಹಾಲುಹಲ್ಲಿನಷ್ಟು ಸುಲಭಕ್ಕೆ.

ಈಗ ಅವರ ಸಾಲಿನಲ್ಲಿ ಒಂದು ಕಿಂಡಿ.
ಉಳಿದ ಅಕ್ಷರ ಮುಟ್ಟಲಿಲ್ಲ; ಓದಿದರೆ ಯಾವ ಪದವೂ ಆಗದು,
ರೋಗವೂ ಆಗದು.
ಎರಡು ಸಾಲು ಕೆಳಗೆ ಮಂಜಿನ ಅಂಚು,
ಅದರ ಮೇಲೊಂದು ಕೆಂಪು ಚುಕ್ಕಿ.
ಲೇಲೊ ಏನೂ ಕೇಳಲಿಲ್ಲ. ಮುಂದಿನ ವರ್ಷ ಕೇಳಬಹುದು.

ಗಾಜು ಕೂರಿಸಿದೆ. ನನ್ನದೇ ಉಸಿರು ಅದರ ಮೇಲೆ ಮಬ್ಬಾಗಿ ಕೂತಿತ್ತು.
ತೋಳಿನಿಂದ ಒರೆಸಿ, ಬೀಗ ಹಾಕಿದೆ.